ಗಂಟೆವೀರನ ಹೆಬ್ಬೆರಳು

ಕ್ಲೀವ್‌ಲ್ಯಾಂಡ್
14 ಸೆಪ್ಟೆಂಬರ್ 1987

ಸಿಲ್ವಿಯೊ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರೂ ಸತ್ತಿಲ್ಲ. ಇಲೋನಾಗೆ ಮಂಡಿನೋವು, ನನಗೆ ಹೊಟ್ಟೆಯುರಿ, ಅಷ್ಟೆ. ಆ ಉರಿಯ ವಿಚಾರವಾಗಿಯೇ ಬರೆಯುತ್ತಿದ್ದೇನೆ.

ನಿನ್ನೆ ಶಾಯಿ ತರಲು ಹೋದವನು ಹಾಗೇ ಪಕ್ಕದ ಕಾಮಿಕ್ಸ್ ಅಂಗಡಿಗೆ ಕಾಲಿಟ್ಟೆ. ಅಂಗಡಿಯ ಹರ್ಬ್ ನನ್ನನ್ನು ಕಂಡದ್ದೇ ತಡ, ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ. "ಏನ್ರೀ ಎಮಿಲ್, ಗಂಟೆವೀರನ ಕೊನೇ ಕಾಳಗದ ಚಿತ್ರ ಬರೀತಿದಾರಂತೆ ನಿಮ್ಮ ಸಿಲ್ವಿಯೊ! ಕೊಲಂಬಸ್ಸಿನ ಹಲ್ಲಿನ ಡಾಕ್ಟ್ರು ಯಾರೋ ಗೋಡೆಗೆ ಹಾಕೋಕೆ ಬರೆಸ್ತಿದಾರಂತೆ." ನಾನು ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಅವನು ಅಷ್ಟಕ್ಕೇ ಬಿಡಬೇಕಲ್ಲ! "ಶಾಯಿ ಬರ್ನಿಸ್ ಟ್ರಾಟ್ ಹಾಕ್ತಾರಂತಲ್ಲ. ಯಾಕೆ, ನಿಮ್ಗೆ ಹೇಳಲೇ ಇಲ್ವಾ?" ಶಾಯಿಯ ಬಾಟಲಿಯನ್ನು ಅವನ ಗಲ್ಲಾದ ಮೇಲೇ ಮರೆತು ಬಂದೆ.

ಇದು ನಿಜವೇ?

ಹತ್ತೊಂಬತ್ತು ವರ್ಷ, ಸಿಲ್. ನೀನು ಅಲ್ಲಿ ಆಸ್ಟೋರಿಯಾದಲ್ಲಿ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಅಂಚೆಗೆ ಹಾಕುತ್ತಿದ್ದೆ, ನಾನು ಇಲ್ಲಿ ಅದರ ಮೇಲೆ ಶಾಯಿ ಎಳೆದು, ಒಣಗಿದ ಮೇಲೆ ನಿನ್ನ ಪೆನ್ಸಿಲ್ಲನ್ನು ಉಜ್ಜಿ ತೆಗೆದು, ಕಂಪನಿಗೆ ಕಳಿಸುತ್ತಿದ್ದೆ. ಗಂಟೆವೀರ ನಿನ್ನವನು, ಒಪ್ಪಿದೆ. ಗುದ್ದಿದರೆ ಊರೆಲ್ಲ ಮೊಳಗುವ ಆ ಮುಷ್ಟಿ ನಿನ್ನ ತಲೆಯಲ್ಲೇ ಹುಟ್ಟಿದ್ದು. ಆದರೆ ಮೌನಿ? ಸದ್ದನ್ನೂ ಬೆಳಕನ್ನೂ ನುಂಗುವ ಆ ರಾಕ್ಷಸನಿಗೆ ನೀನು ಬರೆಯುತ್ತಿದ್ದುದು ಹೊರಗೆರೆ ಒಂದನ್ನೇ. ಒಳಗೆ ನಾಲ್ಕು ಕಡೆ ಸಣ್ಣ ಇಂಟು ಗುರುತು ಹಾಕಿ ಬಿಟ್ಟುಬಿಡುತ್ತಿದ್ದೆ, ಇಲ್ಲಿ ಕಪ್ಪು ತುಂಬು ಎಂದು. ಆ ಕಪ್ಪು ನನ್ನದು. ಅವನ ಹೆಗಲ ಮೇಲಿನ ಒರಟು, ಅವನ ಬೆನ್ನ ಹಿಂದೆ ಊರು ಮಸುಕಾಗುವ ರೀತಿ, ಇವೆಲ್ಲ ನನ್ನ ಕುಂಚದಿಂದ ಬಂದವು. 1974ರಲ್ಲಿ ಕೊನೇ ಕಾಳಗದ ಸಂಚಿಕೆಗೆ ಒಂದು ತಿಂಗಳು ಇರುವಾಗ ಕಂಪನಿ ಬಾಗಿಲು ಹಾಕಿತು. ಅಂದಿನಿಂದ ಆ ಕಾಳಗ ನನ್ನ ಕೈಯಲ್ಲಿ ತುರಿಸುತ್ತಿದೆ.

ಪಿಟ್ಸ್‌ಬರ್ಗಿನ ಆ ಸಮ್ಮೇಳನವನ್ನೂ ನಾನು ಮರೆತಿಲ್ಲ. ಎಮಿಲ್ ಅವರ ಕೆಲಸ ಏನು ಎಂದು ಯಾರೋ ಕೇಳಿದ್ದಕ್ಕೆ ನೀನು ಮೈಕು ಹಿಡಿದು ಹೇಳಿದೆ: "ನಾನು ಬರೆದದ್ದು ಪ್ರಿಂಟಲ್ಲಿ ಕಾಣ್ಬೇಕಲ್ಲ, ಅದಕ್ಕೆ ಎಮಿಲ್ ಮೇಲೊಂದು ಸಲ ಶಾಯಿ ಎಳೀತಾನೆ." ಇನ್ನೂರು ಜನ ನಕ್ಕರು. ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಇದ್ದೆ.

ಈ ಕಾಗದ ಬರೆಯುವುದನ್ನು ನೋಡಿ ಇಲೋನಾ ಹೇಳುತ್ತಿದ್ದಾಳೆ, "ಮೂವತ್ತು ವರ್ಷದಲ್ಲಿ ಒಂದಿನಾನೂ ನನ್ನ ವಿಷಯಕ್ಕೆ ಇಷ್ಟು ಉರ್ಕೊಂಡಿಲ್ಲ ನೀನು. ಅದ್ಯಾವನೋ ಚರ್ಚ್ ಹಾಲಲ್ಲಿ ನನ್ನ ಜೊತೆ ಮೂರು ಸಲ ಕುಣಿದಾಗ್ಲೂ ಹಾಯಾಗಿ ಕೇಕ್ ತಿಂತಿದ್ದೆ." ಅವಳಿಗೆ ತಮಾಷೆ. ನೀನು ನನಗೆ ಹೌದು, ಇಲ್ಲ ಎರಡರಲ್ಲಿ ಒಂದು ಹೇಳು.

ಇನ್ನೂ ಕುಂಚ ಕೆಳಗಿಡದ,
ಎಮಿಲ್ ಕೊವಾಚ್


ಆಸ್ಟೋರಿಯಾ
2 ಅಕ್ಟೋಬರ್ 1987

ಎಮಿಲ್,

ಹೌದು.

ಈಗ ಉಸಿರು ಬಿಟ್ಟು ಕೂತು ಓದು. ಪಿಟ್ಸ್‌ಬರ್ಗಿನ ನಂತರ ನಾನು ನಿನಗೆ ಎರಡು ಕಾರ್ಡು ಹಾಕಿದೆ, ಒಂದು ಕ್ರಿಸ್‌ಮಸ್ಸಿಗೆ, ಇನ್ನೊಂದು ನಿನ್ನ ಹುಟ್ಟಿದ ದಿನಕ್ಕೆ. ಎರಡಕ್ಕೂ ಉತ್ತರವಿಲ್ಲ. ಮುಖ ಊದಿಸಿಕೊಂಡು ಕೂತವನ ಮನೆಗೆ ಇಷ್ಟು ದೊಡ್ಡ ಚಿತ್ರದ ರಟ್ಟನ್ನು ಯಾವ ಧೈರ್ಯದ ಮೇಲೆ ಕಳಿಸಲಿ? ಬರ್ನಿಸ್ ಇರುವುದು ಇಲ್ಲಿಂದ ಎರಡು ಸ್ಟೇಷನ್ ಆಚೆ. ತಾನಾಗಿಯೇ ಬಂದು ಕೇಳಿದಳು.

ಆ ಡಾಕ್ಟರು, ವೆಂಡೆಲ್ ಹಾಫ್ ಎಂದು, ಒಳ್ಳೆ ಗಿರಾಕಿ. ಹದಿನಾರು ವರ್ಷದವನಿದ್ದಾಗ ಕೊನೇ ಸಂಚಿಕೆಗಾಗಿ ಪ್ರತಿ ಮಂಗಳವಾರ ಔಷಧಿ ಅಂಗಡಿಯ ಮುಂದೆ ಕಾಯುತ್ತಿದ್ದನಂತೆ. "ಯಾರು ಗೆದ್ರು ಅಂತ ತೋರಿಸ್ಬೇಡಿ, ಹೊಡೆತ ಬೀಳೋಕೆ ಮುಂಚಿನ ಗಳಿಗೆ ಸಾಕು" ಎಂದ. ಅಂಗೈಯಗಲದ ಆರು ನಕ್ಷೆ ಕಳಿಸಿದೆ, ನಾಲ್ಕನೆಯದನ್ನು ಆರಿಸಿದ. ಮೌನಿ ಮೇಲಿನಿಂದ ಸೇತುವೆಯ ಮೇಲೆ ಕವುಚಿಕೊಳ್ಳುತ್ತಿದ್ದಾನೆ, ಗಂಟೆವೀರ ಕೆಳಗಿನಿಂದ ನೋಡುವವನ ಕಡೆಗೇ ನುಗ್ಗಿ ಬರುತ್ತಿದ್ದಾನೆ, ಮುಷ್ಟಿ ಎಲ್ಲಕ್ಕಿಂತ ಮುಂದೆ. ಆ ಮುಷ್ಟಿಯೊಂದೇ ಎಲೆಕೋಸಿನಷ್ಟು ದೊಡ್ಡದಾಗಿ ಬಂದಿದೆ. ಎಲ್ಲ ಗೆರೆಗಳೂ ನೋಡುವವನ ಕಣ್ಣನ್ನು ಅಲ್ಲಿಗೇ ಎಳೆದು ತರಬೇಕು.

ಸೇತುವೆಯ ಗೆರೆಗಳು ದೂರದಲ್ಲಿ ಕೂಡುವ ಬಿಂದು ಕಾಗದದ ಹೊರಗೆ ಎಲ್ಲೋ ಬಿತ್ತು. ಊಟದ ಮೇಜಿಗೆ ಗುಂಡುಸೂಜಿ ಚುಚ್ಚಿ, ದಾರ ಕಟ್ಟಿ, ಅಲ್ಲಿಂದ ಎಳೆದೆ. ತೆರೇಸಾ ನೋಡಿಬಿಟ್ಟಳು. "ಈ ಮೇಜಿಗೆ ಇನ್ನೊಂದು ತೂತು ಬಿದ್ರೆ ಆ ಸೂಜಿ ಎಲ್ಲಿ ಚುಚ್ಬೇಕು ಅಂತ ನಂಗೊತ್ತು" ಎಂದಳು. ಆಮೇಲೆ ಇನ್ನೂ ಮೂರು ಬಿದ್ದಿವೆ, ಮೇಲೆ ಬಟ್ಟೆ ಹಾಸಿದ್ದೇನೆ.

ಮೌನಿ ನಿನ್ನವನಂತೆ! ಇಂಟು ಗುರುತು ಹಾಕಿದವನು ಯಾರು? ಎಲ್ಲಿ ಕಪ್ಪಿರಬೇಕು ಎಂದು ಹೇಳಿದವನು ಯಾರು? ತುಂಬಿದ್ದು ನೀನು, ಚೆನ್ನಾಗಿಯೇ ತುಂಬಿದೆ. ಹಾಗೆಂದು ಬಾವಿ ತೋಡಿದವನ ಎದುರಿಗೇ ನೀರು ಸೇದಿದವನು ಬಾವಿ ತನ್ನದು ಎನ್ನಬೇಕೇ?

ಒಂದು ಮಾತು ನೇರವಾಗಿ ಹೇಳುತ್ತೇನೆ. ಬರ್ನಿಸ್ ನಾನು ಬರೆದದ್ದನ್ನು ಬರೆದ ಹಾಗೆಯೇ ನೋಡುತ್ತಾಳೆ. ತನ್ನದೇನನ್ನೂ ತಂದು ತುರುಕುವುದಿಲ್ಲ. ಈ ವಯಸ್ಸಿನಲ್ಲಿ ನನಗೆ ಅದು ಹಿತವಾಗಿದೆ.

ನಿನ್ನ ಮೇಲೆ ಕೋಪವೇನೂ ಇಲ್ಲದ,
ಸಿಲ್


ಲಾಂಗ್ ಐಲೆಂಡ್ ಸಿಟಿ
16 ನವೆಂಬರ್ 1987

ಕೊವಾಚ್ ಅವರಿಗೆ,

ನಾವು ಭೇಟಿಯಾಗಿಲ್ಲ. ನಾನು ಬರ್ನಿಸ್ ಟ್ರಾಟ್. ನನ್ನ ಹೆಸರು ಕಂಡ ಕೂಡಲೇ ಈ ಕಾಗದವನ್ನು ಒಲೆಗೆ ಹಾಕಬೇಕೆನಿಸಿದರೆ ದಯವಿಟ್ಟು ಕೊನೆಯವರೆಗೆ ಓದಿ ಆಮೇಲೆ ಹಾಕಿ.

ನಾನು ಇಪ್ಪತ್ತೆರಡು ವರ್ಷ ಪ್ರೇಮಕಥೆಗಳ ಮಾಸಿಕಗಳಿಗೆ ಶಾಯಿ ಹಾಕಿದವಳು. ಕಣ್ಣೀರು, ರೆಪ್ಪೆ, ಕರ್ಟನ್ನು ನನ್ನ ಕೈಗೆ ಸಲೀಸು. ಸೂಪರ್‌ಹೀರೋ ಕಾಳಗ ಇದೇ ಮೊದಲು. ಅದಕ್ಕೇ ನಿಮ್ಮ ಹಳೇ ಸಂಚಿಕೆಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ನೀವು ಕಪ್ಪನ್ನು ಹೇಗೆ ನಿಲ್ಲಿಸುತ್ತೀರಿ ಎಂದು ಕಲಿಯುತ್ತಿದ್ದೇನೆ. ನಿಮ್ಮಿಂದ ಕಲಿಯುವುದು ನನಗೇನೂ ಖುಷಿಯ ವಿಚಾರವಲ್ಲ ಎಂದೂ ಹೇಳಿಬಿಡುತ್ತೇನೆ. ಸಿಲ್ವಿಯೊ ಅವರು ಇಲ್ಲಿ ಬಂದು ನನ್ನ ಕೆಲಸ ನೋಡಿದಾಗಲೆಲ್ಲ "ಎಮಿಲ್ ಆಗಿದ್ರೆ ಇಲ್ಲಿ ಸ್ವಲ್ಪ ಖಾಲಿ ಬಿಡ್ತಿದ್ದ", "ಎಮಿಲ್ ಇಲ್ಲಿ ಪೆನ್ನು ಮುಟ್ತಾನೇ ಇರ್ಲಿಲ್ಲ, ಕುಂಚಾನೇ" ಎನ್ನುತ್ತಾರೆ. ನಿನ್ನೆ ರೇಗಿ ಕೇಳಿಯೇಬಿಟ್ಟೆ, "ಹಾಗಾದ್ರೆ ಆ ಎಮಿಲ್‌ನೇ ಕರೀಬಹುದಿತ್ತಲ್ಲ?" ಅವರು ಟೋಪಿ ಹಾಕಿಕೊಂಡು ಹೋದರು.

ಕಾಗದ ಬರೆದ ಕಾರಣ ಇದು. ಚಿತ್ರದ ನಡುವೆ ಗಂಟೆವೀರನ ಬಲಗೈ ಮುಷ್ಟಿಯಿದೆ. ಅದರ ಹೆಬ್ಬೆರಳು ಗಿಡ್ಡ. ತುದಿಯ ಗೆಣ್ಣು ಅರ್ಧಕ್ಕೇ ನಿಂತು ಅಗಲವಾಗಿದೆ. ಮೊದಲು ಇದು ಓರೆಯಾಗಿ ನೋಡಿದ್ದರಿಂದ ಇರಬೇಕು ಅಂದುಕೊಂಡೆ. ಆಮೇಲೆ ನಿಮ್ಮ ಸಂಚಿಕೆಗಳಲ್ಲಿ ನೋಡಿದರೆ ಹೆಬ್ಬೆರಳು ಎಲ್ಲ ಕಡೆಯೂ ನೀಳವಾಗಿದೆ. ಅವರ ಅಟ್ಟದಿಂದ ತಂದ ಪೆಟ್ಟಿಗೆಯಲ್ಲಿ 1961ರ ಕೆಲವು ಪುಟಗಳ ಪೆನ್ಸಿಲ್ ನಕಲುಗಳು ಸಿಕ್ಕವು. ಅವುಗಳಲ್ಲಿ ಗಿಡ್ಡ. ಅದೇ ಪುಟ ಅಚ್ಚಾದಾಗ ನೀಳ. ನಡುವೆ ಕೈಯಾಡಿಸಿದವರು ನೀವೊಬ್ಬರೇ.

ಗಂಟೆವೀರನ ಹೆಬ್ಬೆರಳು ಯಾವುದು, ಅವರದೋ ನಿಮ್ಮದೋ? ನಾನೂ ಸದ್ದಿಲ್ಲದೆ ಉದ್ದ ಮಾಡಲೇ, ಇದ್ದ ಹಾಗೇ ಬಿಡಲೇ? ನೋಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ಅವರನ್ನು ಕೇಳಲು ನನಗೆ ಬಾಯಿ ಬರುತ್ತಿಲ್ಲ.

ಉತ್ತರಕ್ಕೆ ಕಾಯುತ್ತಿರುವ,
ಬರ್ನಿಸ್ ಟ್ರಾಟ್


ಕ್ಲೀವ್‌ಲ್ಯಾಂಡ್
21 ನವೆಂಬರ್ 1987

ಪ್ರಿಯ ಬರ್ನಿಸ್ ಅವರೇ,

ನಿಮ್ಮ ಕಾಗದ ಓದಿ ಬಹಳ ಸಂತೋಷವಾಯಿತು. ನಿಮ್ಮಂಥ ಶ್ರದ್ಧೆ ಇರುವವರ ಕೈಗೆ ಈ ಚಿತ್ರ ಸಿಕ್ಕಿದ್ದು ಸಿಲ್ವಿಯೊ ಅವರ ಭಾಗ್ಯ.

ಹೆಬ್ಬೆರಳಿನ ಬಗ್ಗೆ ನೀವು ಚಿಂತಿಸುವ ಅಗತ್ಯವೇ ಇಲ್ಲ. ನಾನು ಯಾವುದನ್ನೂ ಬದಲಾಯಿಸಿದ ನೆನಪಿಲ್ಲ. ನಕಲು ತೆಗೆಯುವ ಯಂತ್ರದಲ್ಲಿ ಚಿತ್ರ ಕುಗ್ಗಿದ ಹಾಗೆ ಆಗುವುದುಂಟು. ಅವರು ಹೇಗೆ ಬರೆದಿದ್ದಾರೋ ಹಾಗೆಯೇ ಶಾಯಿ ಹಾಕಿ, ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡಬೇಡಿ. ತಮ್ಮ ಗೆರೆಯನ್ನು ಯಾರಾದರೂ ಮುಟ್ಟಿದರೆ ಅವರಿಗೆ ಬಹಳ ನೋವಾಗುತ್ತದೆ. ಆ ಮುಷ್ಟಿಯನ್ನು ಆದಷ್ಟು ದಪ್ಪ ಗೆರೆಯಲ್ಲಿ ಎತ್ತಿ ತೋರಿಸಿ. ಹತ್ತು ಅಡಿ ದೂರದಿಂದಲೂ ಕಾಣಬೇಕು.

ನಿಮ್ಮ ಒಳಿತನ್ನೇ ಬಯಸುವ,
ಎಮಿಲ್ ಕೊವಾಚ್


ಆಸ್ಟೋರಿಯಾ
20 ಡಿಸೆಂಬರ್ 1987

ಎಮಿಲ್,

ನೀನು ಉತ್ತರ ಬರೆಯಲಿಲ್ಲ, ಆದರೂ ಬರೆಯುತ್ತಿದ್ದೇನೆ. ಹಬ್ಬದ ವಾರವೆಂದು ತೆರೇಸಾ ಮೀನು ತೊಳೆಯುತ್ತಾ ನನ್ನನ್ನು ಅಡುಗೆಮನೆಯಿಂದ ಓಡಿಸಿದ್ದಾಳೆ.

ಚಿತ್ರ ಮುಗಿಯುತ್ತಾ ಬಂತು. ಬರ್ನಿಸ್ ಮೌನಿಯನ್ನು ಮುಗಿಸಿದಳು. ಒಂದು ನಕಲು ಇದರ ಜೊತೆ ಇಟ್ಟಿದ್ದೇನೆ, ನೋಡು. ಸೇತುವೆಯ ಕಂಬಗಳು ಅವನ ಮೈಯೊಳಗೆ ಮುಳುಗುವ ಕಡೆ ಅವಳು ಕುಂಚವನ್ನು ಅರ್ಧ ಒಣಗಿಸಿಕೊಂಡು ಎಳೆದಳು. ನಾನು ನೋಡುತ್ತಾ ನಿಂತೇ ಇದ್ದೆ, ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಮುಷ್ಟಿ ಒಂದು ಬಾಕಿಯಿದೆ. ಅದನ್ನು ಬೇಕೆಂದೇ ಬಿಟ್ಟಿದ್ದಾಳೆ. ಮೊನ್ನೆ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದು, "ಇಂಥ ಕೈ ನಾನು ಯಾವ ಕಾಮಿಕ್ಸಲ್ಲೂ ನೋಡಿಲ್ಲ ಸಿಲ್ವಿಯೊ, ಇದಕ್ಕೆ ಜೀವ ಇದೆ" ಎಂದಳು. ಎಮಿಲ್, ಹತ್ತೊಂಬತ್ತು ವರ್ಷದಲ್ಲಿ ನೀನು ಒಂದು ಸಲವಾದರೂ ಹಾಗೆ ಹೇಳಿದ್ದೀಯಾ? "ಬಂತು, ಶುಕ್ರವಾರ ಕಳಿಸ್ತೀನಿ" ಎಂದು ಎರಡು ಸಾಲು ಬರೆಯುತ್ತಿದ್ದೆ, ಅಷ್ಟೆ. ಅರವತ್ತೆರಡರ ಮುದುಕ ನಾನು, ಆ ಮಾತು ಕೇಳಿ ಮನೆವರೆಗೂ ಶಿಳ್ಳೆ ಹಾಕಿಕೊಂಡು ಬಂದೆ.

ಮಾರ್ಚಿನಲ್ಲಿ ಕೊಲಂಬಸ್ಸಿನ ಗ್ರಂಥಾಲಯದಲ್ಲಿ ಚಿತ್ರವನ್ನು ಒಂದು ವಾರ ಪ್ರದರ್ಶನಕ್ಕೆ ಇಡುತ್ತಾರೆ. ಕೆಳಗೆ ಹಿತ್ತಾಳೆ ಫಲಕ ಹಾಕಿಸುತ್ತಾನಂತೆ ಡಾಕ್ಟರು, ನನ್ನ ಹೆಸರು, ಬರ್ನಿಸ್ ಹೆಸರು. ನಿನ್ನ ಊರಿನಿಂದ ಎರಡೂವರೆ ಗಂಟೆ ದಾರಿ. ಇಲೋನಾಳನ್ನು ಕರೆದುಕೊಂಡು ಬಾ. ಮುಖ ಊದಿಸಿಕೊಂಡೇ ಬಾ, ಪರವಾಗಿಲ್ಲ.

ಹಬ್ಬದ ಶುಭಾಶಯಗಳೊಂದಿಗೆ,
ಸಿಲ್


ಕ್ಲೀವ್‌ಲ್ಯಾಂಡ್
28 ಡಿಸೆಂಬರ್ 1987

ಸಿಲ್ವಿಯೊ,

ಜೀವ ಇದೆಯಂತೆ ಕೈಯಲ್ಲಿ! ಹೆಬ್ಬೆರಳಿನಲ್ಲಿ ಇದೆಯೇ ಜೀವ?

ನಿನ್ನ ಹೆಬ್ಬೆರಳು ಗಿಡ್ಡ, ಸಿಲ್. ಯಾವತ್ತೂ ಗಿಡ್ಡವೇ. 1955ರಲ್ಲಿ ಮೂರನೇ ಸಂಚಿಕೆಯ ಪುಟಗಳು ಬಂದಾಗ ಮೊದಲು ನೋಡಿದೆ. ಅವಸರದಲ್ಲಿ ಬರೆದಿದ್ದಾನೆ ಪಾಪ ಎಂದು ಅರ್ಧ ಗೆಣ್ಣು ಸೇರಿಸಿದೆ. ಮುಂದಿನ ತಿಂಗಳೂ ಹಾಗೇ ಬಂತು, ಸೇರಿಸಿದೆ. ಅದರ ಮುಂದಿನ ತಿಂಗಳೂ ಬಂತು. ಹತ್ತೊಂಬತ್ತು ವರ್ಷ ಗಂಟೆವೀರನ ಒಂದೊಂದು ಕೈಯನ್ನೂ ನಾನು ತಿದ್ದಿದ್ದೇನೆ. ಶಾಯಿ ಒಣಗಿದ ಮೇಲೆ ನಿನ್ನ ಪೆನ್ಸಿಲ್ ಉಜ್ಜಿ ತೆಗೆದರೆ ಯಾರಿಗೆ ಗೊತ್ತಾಗುತ್ತದೆ? ನೀನಂತೂ ಅಚ್ಚಾದ ಪ್ರತಿಯನ್ನು ಬಿಡಿಸಿಯೂ ನೋಡುತ್ತಿರಲಿಲ್ಲ. ಮುಂದಿನದನ್ನು ಬರೆಯುತ್ತಾ ಕೂತಿರುತ್ತಿದ್ದೆ. "ಕೈ ಬರೆಯೋದ್ರಲ್ಲಿ ಸಿಲ್ವಿಯೊ ಪಟೆರ್ನೋನ ಬಿಟ್ರೆ ಇಲ್ಲ" ಎಂದು ಓದುಗರು ಬರೆದಾಗಲೆಲ್ಲ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ನಾನು ಮೇಲೊಂದು ಸಲ ಶಾಯಿ ಎಳೆಯುವವನು, ಅಲ್ಲವೇ?

ಇನ್ನೂ ಕೇಳು. ನವೆಂಬರಿನಲ್ಲಿ ಬರ್ನಿಸ್ ಇದನ್ನು ಕಂಡುಹಿಡಿದು ನನಗೆ ಕಾಗದ ಬರೆದಳು, ಏನು ಮಾಡಲಿ ಎಂದು. ಇದ್ದ ಹಾಗೇ ಬಿಡಿ, ದಪ್ಪ ಗೆರೆಯಲ್ಲಿ ಎತ್ತಿ ತೋರಿಸಿ ಎಂದೆ. ಬೇಕೆಂದೇ ಹೇಳಿದೆ. ಆ ಮೋಟು ಬೆರಳು ಚಿತ್ರದ ನಟ್ಟನಡುವೆ ಕೂರಲಿ, ಕೆಳಗೆ ಹಿತ್ತಾಳೆಯಲ್ಲಿ ನಿಮ್ಮಿಬ್ಬರ ಹೆಸರಿರಲಿ, ಜನ ಬಂದು ನೋಡಿ ನಗಲಿ ಎಂದು. ಎಮಿಲ್ ಇಲ್ಲದಿದ್ದರೆ ಸಿಲ್ವಿಯೊ ಏನು ಎಂದು ಲೋಕಕ್ಕೆ ಗೊತ್ತಾಗಲಿ ಎಂದು.

ಇದನ್ನೆಲ್ಲ ಇಲೋನಾಗೆ ಹೇಳಿದೆ. ಅವಳು ಹಬ್ಬಕ್ಕೆಂದು ಅಕ್ರೋಟು ತುಂಬಿದ ಸಿಹಿ ರೊಟ್ಟಿ ಸುತ್ತುತ್ತಿದ್ದವಳು ಹಾಗೇ ನಿಂತಳು. "ನಾಚ್ಕೆ ಆಗಲ್ವಾ ನಿಂಗೆ? ಅವನ ಕೈ ಸರಿಯಿಲ್ಲ ಅಂತ ಹತ್ತೊಂಬತ್ತು ವರ್ಷ ಹೇಳ್ದೆ ಇಟ್ಕೊಂಡಿದ್ಯಲ್ಲ, ಅದೇನು ಉಪಕಾರಕ್ಕಾ? ಒಂದಿನ ಹೊಡೆಯೋಕೆ ಬೇಕಾಗುತ್ತೆ ಅಂತ ತಾನೇ?"

ನೀನು ಕಳಿಸಿದ ಮೌನಿಯ ನಕಲನ್ನು ಭೂತಗನ್ನಡಿ ಹಿಡಿದು ನೋಡಿದೆ. ಎರಡು ದಿನ ನೋಡಿದೆ, ಒಂದು ತಪ್ಪಾದರೂ ಸಿಗಲಿ ಎಂದು. ಸಿಗಲಿಲ್ಲ. ಅವಳ ಕಪ್ಪು ನನ್ನ ಕಪ್ಪಿಗಿಂತ ಚೆನ್ನಾಗಿದೆ. ಹೇಳಿಬಿಟ್ಟೆ, ಆಯಿತಲ್ಲ. ಆ ಹೊಟ್ಟೆಕಿಚ್ಚಿನಲ್ಲೇ ಇದೆಲ್ಲ ಬರೆಯುತ್ತಿದ್ದೇನೆ, ಒಳ್ಳೆಯತನದಿಂದಲ್ಲ. ಮುಷ್ಟಿಗೆ ಇನ್ನೂ ಶಾಯಿ ಬಿದ್ದಿಲ್ಲದಿದ್ದರೆ ತಿದ್ದಿಕೊಳ್ಳಿ.

ಎಮಿಲ್


ಲಾಂಗ್ ಐಲೆಂಡ್ ಸಿಟಿ
19 ಜನವರಿ 1988

ಕೊವಾಚ್ ಅವರಿಗೆ,

ನಿಮ್ಮ ಕಾಗದ ಬಂದಾಗ ನಾನು ಸಿಲ್ವಿಯೊ ಅವರ ಮನೆಯಲ್ಲೇ ಇದ್ದೆ. ನಿಂತುಕೊಂಡೇ ಓದಿದರು. ಆಮೇಲೆ ಹಳೇ ಸಂಚಿಕೆಗಳ ಪೆಟ್ಟಿಗೆಯನ್ನು ಎಳೆದುಕೊಂಡು ನೆಲದ ಮೇಲೆ ಕೂತರು. ಒಂದೊಂದೇ ಸಂಚಿಕೆ ತೆಗೆದು, ಗಂಟೆವೀರನ ಕೈ ಇರುವ ಕಡೆ ತಮ್ಮ ಎಡಗೈಯನ್ನು ಇಟ್ಟು ನೋಡಿದರು. ತೆರೇಸಾ ಅವರು ಊಟಕ್ಕೆ ಕರೆದರೂ ಏಳಲಿಲ್ಲ. ನನಗೆ "ನೀನು ಹೋಗು ಬರ್ನಿಸ್, ಆಮೇಲೆ ಹೇಳ್ತೀನಿ" ಎಂದರು.

ನಿಮ್ಮ ನವೆಂಬರಿನ ಕಾಗದವನ್ನು ನಾನು ಆಗಲೇ ನಂಬಿರಲಿಲ್ಲ. ಅಷ್ಟೊಂದು ಸಿಹಿಯಾಗಿ ಯಾರೂ ನನಗೆ ಬರೆಯುವುದಿಲ್ಲ, ನನ್ನನ್ನು ಕಂಡರಾಗದವರಂತೂ ಬರೆಯುವುದೇ ಇಲ್ಲ. ಅದಕ್ಕೇ ಆ ಕೈಯನ್ನು ಬಿಟ್ಟಿದ್ದೆ. ಈಗಂತೂ ನಾನು ಮುಟ್ಟುವುದಿಲ್ಲ. ಅದು ನಿಮ್ಮಿಬ್ಬರ ಜಗಳ.

ಒಂದು ಕೇಳಲೇ? ಅಷ್ಟು ವರ್ಷ ಅವರು ಬರೆದ ಕೈಯನ್ನು ನೋಡಿದಿರಲ್ಲ, ಅವರ ಕೈಯನ್ನು ಯಾವತ್ತಾದರೂ ನೋಡಿದ್ದೀರಾ?

ಬರ್ನಿಸ್ ಟ್ರಾಟ್


ಆಸ್ಟೋರಿಯಾ
6 ಫೆಬ್ರವರಿ 1988

ಎಮಿಲ್,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು.

ನನ್ನ ಬರೆಯುವ ಮೇಜಿನ ಪಕ್ಕ ಒಂದು ಕನ್ನಡಿಯಿದೆ. ಬಲಗೈಯಲ್ಲಿ ಪೆನ್ಸಿಲ್, ಎಡಗೈ ಕನ್ನಡಿಯಲ್ಲಿ, ಅಲ್ಲಿ ಅದು ಬಲಗೈಯ ಹಾಗೆ ಕಾಣುತ್ತದೆ. ಮೊದಲಿನಿಂದಲೂ ನಾನು ಕೈ ಬರೆಯುವುದು ಹಾಗೆಯೇ. ಬೇರೆಯವರು ಪುಸ್ತಕ ನೋಡಿ ಬರೆಯುತ್ತಾರೆ, ನಾನು ನನ್ನ ಕೈ ನೋಡಿ ಬರೆಯುತ್ತೇನೆ. ನನ್ನ ಹೆಬ್ಬೆರಳು ಹಾಗೇ ಇದೆ, ಎಮಿಲ್. ನನ್ನ ಅಮ್ಮನದೂ ಹಾಗೇ, ನನ್ನ ತಂಗಿಯದೂ, ನನ್ನ ಮಗಳದೂ. ಅಮ್ಮ ಇಟಲಿಯಿಂದ ಬರುವಾಗ ತಂದ ಆಸ್ತಿ ಅದೊಂದೇ. ಭಾನುವಾರ ಮೇಜಿನ ತುಂಬ ಹಿಟ್ಟಿನ ತುಣುಕು ಹರಡಿಕೊಂಡು, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಕಿವಿಯಾಕಾರದ ಪಾಸ್ತಾ ಮಾಡುತ್ತಿದ್ದಳು. ಕೇರಿಯಲ್ಲಿ ಯಾರ ಮನೆಯಲ್ಲೂ ಅಷ್ಟು ಅಗಲದ ಕಿವಿ ಬರುತ್ತಿರಲಿಲ್ಲ. ಹೆಬ್ಬೆರಳೆಂದರೆ ಹೀಗೇ ಇರುವುದು ಎಂದು ನಾನು ತಿಳಿದಿದ್ದೆ. ನಾವಿಬ್ಬರೂ ಕೈ ಕುಲುಕಿದ್ದು ಎಷ್ಟು ಸಲ, ಏಳೋ ಎಂಟೋ? ನೀನು ನೋಡಿರಲಿಕ್ಕಿಲ್ಲ.

ಅಮ್ಮ ಎಲ್ಲ ಸಂಚಿಕೆಗಳನ್ನೂ ಅಡುಗೆಮನೆಯ ಕಪಾಟಿನಲ್ಲಿ ಜೋಡಿಸಿಟ್ಟಿದ್ದಳು. ಇಂಗ್ಲಿಷ್ ಓದಲು ಬಾರದು, ಚಿತ್ರ ನೋಡುತ್ತಿದ್ದಳು. ಒಂದು ಸಲ ಗಂಟೆವೀರನ ಕೈಯ ಮೇಲೆ ಬೆರಳಿಟ್ಟು ಕೇಳಿದಳು, "ಇದು ಯಾರ ಕೈಯೋ ಸಿಲ್ವಿಯೊ? ನಿಂದಲ್ವಲ್ಲ." ನಾನು ನಕ್ಕೆ. "ಪ್ರಿಂಟಲ್ಲಿ ಹಾಗೆ ಕಾಣುತ್ತಮ್ಮ" ಎಂದೆ. ಅವಳು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಮೊನ್ನೆ ಆ ಪೆಟ್ಟಿಗೆ ಪೂರ್ತಿ ನೋಡಿದೆ. ಅವಳು ಹೇಳಿದ್ದು ಸರಿ. ಒಂದೇ ಒಂದು ಪುಟದಲ್ಲೂ ನನ್ನ ಕೈ ಇಲ್ಲ.

ನೀನು ತಪ್ಪು ತಿದ್ದಿದೆ ಅಂದುಕೊಂಡಿದ್ದೀಯೆ. ನಮ್ಮನ್ನು ಉಜ್ಜಿ ತೆಗೆದಿದ್ದೀಯೆ.

ನನಗೆ ನಿನ್ನ ಮೇಲೆ ಬಂದಿರುವ ಕೋಪ ಇಲ್ಲಿ ಬರೆದರೆ ಕಾಗದ ಸಾಲದು. ಆದರೆ ನೀನು ನಿನ್ನ ಹೊಟ್ಟೆಕಿಚ್ಚನ್ನು ಬಾಯಿಬಿಟ್ಟು ಹೇಳಿದ್ದೀಯೆ, ನಾನೂ ನನ್ನದನ್ನು ಹೇಳುತ್ತೇನೆ. ಪಿಟ್ಸ್‌ಬರ್ಗಿನಲ್ಲಿ ಆ ಮಾತು ಆಡಿದ ದಿನ ಬೆಳಿಗ್ಗೆ, ನನ್ನ ಮುಂದೆ ಸಾಲಾಗಿ ನಿಂತವರಲ್ಲಿ ಹತ್ತಕ್ಕೆ ಎಂಟು ಜನ ಕೇಳಿದ್ದು "ಮೌನೀನ ಬರೆದುಕೊಡಿ ಸಾರ್" ಎಂದು. ನಾನು ಬರೆದುಕೊಟ್ಟದ್ದನ್ನು ನೋಡಿ ಒಬ್ಬ ಹುಡುಗಿ, "ಪುಸ್ತಕದಲ್ಲಿರೋ ಹಾಗೆ ಬರ್ಲಿಲ್ಲ" ಎಂದಳು. ಮಧ್ಯಾಹ್ನ ನನ್ನ ಕೈಗೆ ಮೈಕು ಸಿಕ್ಕಿತು.

ಚಿತ್ರವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಬರ್ನಿಸ್ ಮುಷ್ಟಿಯನ್ನು ಮುಟ್ಟುವುದಿಲ್ಲ ಎಂದಳು. ಅದು ಪೆನ್ಸಿಲ್ಲಿನಲ್ಲೇ ಇದೆ. ಶಾಯಿ ನೀನು ಹಾಕು. ಹೇಗೆ ಹಾಕಬೇಕು ಎಂದು ನಾನು ಹೇಳುವುದಿಲ್ಲ. ಮಾರ್ಚ್ ಮೂರರೊಳಗೆ ಡಾಕ್ಟರನ ಕೈ ಸೇರಬೇಕು. ಮೊದಲು ನನಗೆ ಕಳಿಸು, ನಾನು ನೋಡಬೇಕು.

ಸಿಲ್ವಿಯೊ


ಕ್ಲೀವ್‌ಲ್ಯಾಂಡ್
22 ಫೆಬ್ರವರಿ 1988

ಸಿಲ್,

ಕಳಿಸಿದ್ದೇನೆ. ಕಾಗದ ಓದಿದ ಮೇಲೆ ಕಟ್ಟು ಬಿಚ್ಚು.

ಚಿತ್ರ ಬಂದ ದಿನ ಮೇಜಿನ ಮೇಲೆ ನಿಲ್ಲಿಸಿ ಎದುರು ಕೂತೆ. ಮೌನಿ ಅಲ್ಲಿದ್ದ, ಬರ್ನಿಸ್ ತುಂಬಿದ ಮೌನಿ. ನಕಲಿನಲ್ಲಿ ನೋಡಿದ್ದಕ್ಕಿಂತ ಎದುರಿಗೆ ಇನ್ನೂ ಚೆನ್ನಾಗಿದ್ದ. ಹೆಂಡತಿಯನ್ನು ಬೇರೆಯವನ ತೋಳಿನಲ್ಲಿ ಕಂಡರೂ ನಾನು ಕೇಕ್ ತಿನ್ನುತ್ತಿದ್ದೆನಂತೆ, ಈ ಚಿತ್ರ ಕಂಡು ಎರಡು ದಿನ ಗಂಜಿಯೂ ಇಳಿಯಲಿಲ್ಲ. ಮೂರನೇ ದಿನ ಕುಂಚ ತೊಳೆದೆ.

ಬೆರಳುಗಳನ್ನು ಮೊದಲು ಮುಗಿಸಿದೆ. ನಿನ್ನ ಕಾಗದವನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಹೆಬ್ಬೆರಳಿಗೆ ಬಂದಾಗ ಗಿಡ್ಡವಾಗಿಯೇ ಹಾಕಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಕುಂಚ ಇಟ್ಟೆ. ನಂಬುತ್ತೀಯೋ ಬಿಡುತ್ತೀಯೋ, ಕೈ ತಾನಾಗಿಯೇ ಹೋಯಿತು. ನಾನು ನೋಡುತ್ತಿದ್ದಂತೆಯೇ ಅರ್ಧ ಗೆಣ್ಣು ಮುಂದೆ ಹೋಗಿ, ಸುತ್ತಿ, ನೀಳವಾಗಿ ನಿಂತಿತು. ಹತ್ತೊಂಬತ್ತು ವರ್ಷದ ಚಾಳಿ. ನಾನು ಕಿರುಚಿದ್ದು ಕೇಳಿ ಇಲೋನಾ ಓಡಿ ಬಂದಳು. "ಏನಾಯ್ತು, ಕೈ ಕುಯ್ಕೊಂಡ್ಯಾ?" ಎಂದಳು. ಕುಯ್ದುಕೊಂಡಿದ್ದರೆ ಚೆನ್ನಾಗಿತ್ತು.

ಅದು ಒಣಗಲು ಒಂದು ದಿನ ಬಿಟ್ಟೆ. ಆಮೇಲೆ ಬಿಳಿ ಬಣ್ಣ ಹಚ್ಚಿ ಮುಚ್ಚಿದೆ. ಮತ್ತೆ ಕುಂಚ ಇಟ್ಟೆ, ಕೈ ಮತ್ತೆ ಮುಂದೆ ಹೋಯಿತು, ಈ ಸಲ ಸ್ವಲ್ಪವೇ. ಮತ್ತೆ ಬಿಳಿ. ಮೂರನೇ ಸಲಕ್ಕೆ ಇಲೋನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಅಲ್ಲಿ ನಿಲ್ಸು ಅಂತ ಹೇಳು" ಎಂದೆ. ನಿನ್ನ ಗೆರೆ ಮುಗಿಯುವ ಕಡೆ ಅವಳು "ನಿಲ್ಸು!" ಎಂದು ಕೂಗಿದಳು. ನಿಲ್ಲಿಸಿದೆ. ನಿಂತ ಜಾಗದಿಂದ ಅಡ್ಡಕ್ಕೆ ತಿರುಗಿಸಿ ನಿಮ್ಮ ಅಮ್ಮನ ಅಗಲವನ್ನು ಎಳೆದೆ. ಅಲ್ಲಿ ನಾನು ಮುಂಚೆ ನೋಡದ ಒಂದು ವಿಷಯ ಕಂಡಿತು. ಗಿಡ್ಡ ಬೆರಳಾದರೆ ಮುಷ್ಟಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ನಾನು ಬರೆಯುತ್ತಿದ್ದ ಮುಷ್ಟಿಯಲ್ಲಿ ಹೆಬ್ಬೆರಳು ಹೊರಗೆ ಉಳಿಯುತ್ತಿತ್ತು, ಗುದ್ದಿದರೆ ಮುರಿಯುವ ಹಾಗೆ. ಇಷ್ಟು ವರ್ಷ ಗಂಟೆವೀರ ಗುದ್ದಿದ್ದಾದರೂ ಹೇಗೋ.

ತಪ್ಪಾಯಿತು, ಸಿಲ್. ನಿನಗೂ, ನಿಮ್ಮ ಅಮ್ಮನಿಗೂ.

ಪೆನ್ಸಿಲ್ ಉಜ್ಜಿ ತೆಗೆಯುವ ಕೆಲಸ ಮಾತ್ರ ಮಾಡಿಲ್ಲ. ಅದನ್ನು ನೀನೇ ಮಾಡಿಕೋ, ನನ್ನ ಕೈಗೆ ರಬ್ಬರ್ ಕೊಡಬೇಡ.

ಹಿತ್ತಾಳೆ ಫಲಕದಲ್ಲಿ ಇಬ್ಬರ ಹೆಸರೇ ಇರಲಿ. ಇಡೀ ಚಿತ್ರಕ್ಕೆ ಶಾಯಿ ಅವಳು ಹಾಕಿದ್ದಾಳೆ, ಒಂದು ಮುಷ್ಟಿಗಾಗಿ ನಾನು ಅಲ್ಲಿ ನುಗ್ಗುವುದು ಚೆನ್ನಾಗಿರುವುದಿಲ್ಲ. ಹಾಗೆಂದು ಹೊಟ್ಟೆಕಿಚ್ಚು ಆರಿತು ಎಂದು ತಿಳಿಯಬೇಡ. ಕೊಲಂಬಸ್ಸಿಗೆ ಬರುತ್ತೇವೆ, ಇಲೋನಾ ಹೊಸ ಕೋಟು ತೆಗೆದಿದ್ದಾಳೆ. ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೆಬ್ಬೆರಳ ತುದಿಯ ಆಚೆ ಬಿಳಿ ಬಣ್ಣ ಉಬ್ಬಿರುವುದು ಕಾಣುತ್ತದೆ. ಹಲ್ಲಿನ ಡಾಕ್ಟರು, ಅವನ ಕಣ್ಣಿಗೆ ಬೀಳದೆ ಇರುವುದಿಲ್ಲ. ಇದೇನು ಉಬ್ಬು ಎಂದು ಅವನು ಕೇಳಿದರೆ ಆಗ ನನ್ನ ಹೆಸರು ಹೇಳು. ಗಟ್ಟಿಯಾಗಿ ಹೇಳು, ಬರ್ನಿಸ್ ಪಕ್ಕದಲ್ಲೇ ನಿಂತಿರುವಾಗ.

ನಿನ್ನ,
ಎಮಿಲ್